ಸಾಸಿವೆ ಕಣ್ಣಿನ ಚೀಲ

ಹಾಲು ಸೋಸುವುದಕ್ಕೆ, ಅಂದಿದ್ದರು ಮೊದಲ ಸಲ
ಕಯ್ಯಾರಿನ ಹಿಲಾರಿ ಪೊರ್ಬುಗಳು.
ಮೂಗಿಗೆ ಹಿಡಿದೆ.
ಯಾವ ದನದ ಹಾಲಿಗೂ
ಹುರಿದ ಬಾರ್ಲಿಯ ವಾಸನೆ ಇರುವುದಿಲ್ಲ.
ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.
ನಡುವೆ ಚೀಲ ಮಾತ್ರ,
ದಿಂಬಿನ ಗವಸಿನಷ್ಟು ಅಗಲ, ತಳದಲ್ಲಿ
ಎಂಟಾಣೆಯಷ್ಟು ಸುಟ್ಟ ತೂತು.

ಕೋಯಿಪಾಡಿಯಲ್ಲಿ ಬಲೆ ಕಟ್ಟುವ ಹೆಂಗಸು ನಾನೊಬ್ಬಳೇ.
ಪಾಲಾದಾಗ ತಮ್ಮನಿಗೆ ದೋಣಿ,
ನನಗೆ ಅಪ್ಪನ ಬಲೆಸೂಜಿ, ಅಳತೆಯ ಹಲಗೆ.
ಬೂತಾಯಿಗೆ ಕಿರುಬೆರಳು ತೂರುವ ಕಣ್ಣು,
ಅಂಜಲಿಗೆ ಮೂರು ಬೆರಳು.
ಇದಕ್ಕೆ?
ಸಾಸಿವೆ ಕೂಡ ಆಚೆ ಹೋಗದು.
ಕನ್ನಡಕ ಏರಿಸಿ ಬಾಗಿಲ ಬೆಳಕಿಗೆ ಹಿಡಿದು
ಎಣಿಸಲು ಹೋಗಿ ಮುನ್ನೂರಕ್ಕೆ ಕೈಬಿಟ್ಟೆ.

"ಗಂಟು ಹಾಕಬೇಡ ಮಾರಾಯ್ತಿ," ಅಂದರು.
"ಗಂಟಿನ ಅಡಿಯಲ್ಲಿ ಹೊಟ್ಟು ಕೂರುತ್ತದೆ,
ಕೂತದ್ದು ಹುಳಿಯುತ್ತದೆ,
ಆ ಹುಳಿ ಮುಂದಿನ ಹಂಡೆಗೂ ಬರುತ್ತದೆ."
ಗಂಟಿನಿಂದಲೇ ಗಂಜಿ ಕಂಡವಳಿಗೆ ಈ ಮಾತು.
ಹತ್ತಿ ನೂಲು ಕೊಳೆಯುತ್ತದೆಂದು
ಚೀಲದ ಅಂಚಿನದೇ ಒಂದು ಎಳೆ ಬಿಡಿಸಿ
ತೇಪೆಯನ್ನು ಚಪ್ಪಟೆ ಹೊಲಿದೆ,
ಎಳೆಯ ಕೊನೆಯನ್ನು
ಊದುಬತ್ತಿಯ ಕೆಂಡಕ್ಕೆ ತಾಗಿಸಿ ಕರಗಿಸಿದೆ.
ಉಗುರು ಆಡಿಸಿದರೂ ತಡೆಯಲಿಲ್ಲ.
ಆ ದಿನ ದೇವರಿಗೆ ಅರ್ಧ ಊದುಬತ್ತಿ.

ಆಮೇಲೆ ಗುಟ್ಟು ಉಳಿಯಲಿಲ್ಲ.
ಮೂವತ್ತು ವರ್ಷ ಹಡಗಿನಲ್ಲಿ ಅಡುಗೆ ಮಾಡಿದ ಮನುಷ್ಯ
ಅಂಗಳದಲ್ಲಿ ನಿಂತು ನನಗೆ ಪಾಠ ಹೇಳಿದರು:
ಒಳಮಗ್ಗುಲು ಹೊರಗೆ ಮಾಡಿ ಕೊಡವಬೇಕು.
ಮೊದಲು ತಣ್ಣೀರು. ಬಿಸಿನೀರು ಸುರಿದರೆ
ಉಳಿದ ಹಿಟ್ಟು ಗಂಜಿಯಾಗಿ ಕಣ್ಣು ಮುಚ್ಚುತ್ತದೆ.
ಸಾಬೂನು ಬೇಡ, ನೊರೆ ಸಾಯುತ್ತದೆ.
ಹಿಂಡಲೇಬಾರದು.
ಅಪ್ಪನೂ ಹೀಗೆಯೇ, ಇದೇ ದನಿಯಲ್ಲಿ:
ಬಲೆ ಹಿಂಡುವವನ ಮನೆಯಲ್ಲಿ ಒಲೆ ತಣ್ಣಗಿರುತ್ತದೆ.
ನಾನೂ ಒಂದು ಹೇಳಿದೆ.
ಹಂಡೆಯ ತಳಕ್ಕೆ ಇಡ್ಲಿ ತಟ್ಟೆ ಬೋರಲು ಹಾಕಿ,
ಚೀಲ ಅದರ ಮೇಲೆ ಕೂರಲಿ, ಸುಡುವುದಿಲ್ಲ.
ಅವರು ತುಂಬ ಹೊತ್ತು ಸುಮ್ಮನಿದ್ದರು.

ನಮ್ಮ ಬಲೆಯಲ್ಲಿ ಉಳಿದದ್ದು ನಮ್ಮದು,
ಜಾರಿದ್ದು ಕಡಲಿನದು.
ಅವರ ಚೀಲದಲ್ಲಿ ಉಳಿದದ್ದು
ಬುಟ್ಟಿಯಲ್ಲಿ ಬಂದು ನನ್ನ ಕೋಳಿಗಳ ಪಾಲು,
ಜಾರಿದ್ದೇ ಅವರಿಗೆ ಬೇಕು.
ಗೂಡ್ಸು ಗಾಡಿ ಕುಂಬಳೆ ಸೇತುವೆ ದಾಟುವವರೆಗೂ
ಇದನ್ನೇ ಯೋಚಿಸುತ್ತ ಬಿದ್ದಿದ್ದೆ ಒಂದು ರಾತ್ರಿ.
ಗಂಡನ ಮನೆಯ ಏಳು ವರ್ಷವನ್ನು ಸೋಸಿ ನೋಡಿದೆ.
ಯಾವ ಬದಿಯದ್ದು ನನ್ನದೆಂದು
ತಿಳಿಯಲಿಲ್ಲ.

ತೊಳೆದ ಚೀಲ ಚಾವಡಿಯ ನೆರಳಲ್ಲಿ ತೂಗುತ್ತದೆ.
ಬಿಸಿಲು ನೈಲಾನನ್ನು ಹಪ್ಪಳ ಮಾಡುತ್ತದೆ.
ಐಸ್ ಗಾಡಿಯ ಮೊಯ್ದು ಬ್ರೇಕ್ ಹಾಕಿ ಕೇಳಿದ:
"ಯಾವ ಮೀನಿಗೆ ಇದು ಜಲಜಕ್ಕ?"
"ಕಣ್ಣಿಗೆ ಕಾಣದ್ದಕ್ಕೆ," ಅಂದೆ.
ಅವನು ನಕ್ಕ. ನಾನು ಸುಳ್ಳು ಹೇಳಿರಲಿಲ್ಲ.

ಕ್ರಿಸ್ಮಸ್ಸಿಗೆ ಪೇಪರಿನಲ್ಲಿ ಸುತ್ತಿದ ಕಂದು ಬಾಟಲಿ.
ನಾನು ಕುಡಿಯುವವಳಲ್ಲ, ಬಲೆಗಳ ರಾಶಿಯ ಹಿಂದೆ ಇಟ್ಟೆ.
ಮೂರನೇ ರಾತ್ರಿ ಡಬ್ಬೆಂದು ಮುಚ್ಚಳ ಹಾರಿ
ತಮ್ಮನ ಹೊಸ ಬಲೆಯ ಮೇಲೆಲ್ಲ ನೊರೆ.
ದೀಪ ಹಾಕದೆ ಬೆರಳಲ್ಲಿ ಒಂದಿಷ್ಟು ತೆಗೆದು ನೆಕ್ಕಿದೆ.
ಕಹಿ. ಹಿಂದಿನಿಂದ ಏನೋ ರೊಟ್ಟಿಯಂಥದ್ದು.
ನನ್ನ ಹೊಲಿಗೆಯ ರುಚಿ ಹುಡುಕಿದೆ.
ಇರಲಿಲ್ಲ.
ಇರಬಾರದು.

ಈ ವಾರ ಮತ್ತೆ ಬಂದಿದೆ ಚೀಲ,
ಹಳೆಯ ತೇಪೆಯ ಪಕ್ಕದಲ್ಲೇ ಹೊಸ ತೂತು,
ಅಂಚು ಕಪ್ಪು.
ಇಡ್ಲಿ ತಟ್ಟೆ ಮರೆತಿದ್ದಾರೆ.